ಒಡವೆ ಕೇಳಿಸಿಕೊಂಡ ಹೆಸರು

"ಹೆಸರನ್ನ ನಿನ್ನ ತಲೇಲಿ ಇಟ್ಕೋ, ಬೇಡ ಅನ್ನಲ್ಲ. ಆದ್ರೆ ಒಡವೆ ಕೈಯಲ್ಲಿ ಹಿಡ್ಕೊಂಡು ಬಾಯಿ ಬಿಟ್ಟು ಹೇಳ್ಬೇಡ. ಅಕಸ್ಮಾತ್ ಹೇಳಿದ್ರೂ ಕೊನೇ ಕೊಂಡಿ ಮುಚ್ಚಬೇಡ."

ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆಯೇ ಮುದುಕಿ ಹೀಗೆಂದಾಗ ಹೊಸಬಳು ಕೆಮ್ಮಿದಳು. ನಗು ಬಂದರೆ ಕೆಮ್ಮಿನಲ್ಲಿ ಮುಚ್ಚುವುದು ಅವಳ ಹಳೆಯ ಚಾಳಿ.

"ಮುಚ್ಚಿದ್ರೆ ಏನಾಗುತ್ತೆ ಅತ್ತೆ?"

"ಅದಕ್ಕೆ ಕಿವಿ ಬರುತ್ತೆ."

"ಕಿವಿಗೆ ಓಲೆ ಮಾಡೋ ಅಂಗಡಿ ಅಂದ್ಕೊಂಡಿದ್ದೆ. ಓಲೆಗೇ ಕಿವಿ ಬರೋ ಅಂಗಡಿನಾ ಇದು?"

ಮುದುಕಿ ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತುಗಳ ನಡುವೆ ಕೂತು ಮಾತಿನಿಂದ ಹೊಟ್ಟೆ ಹೊರೆಯಬೇಕಾದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಆದರೆ ಬುದ್ಧಿವಂತರ ಹಣೆಬರಹವೇ ಅಷ್ಟು, ಎಲ್ಲರಿಗೂ ಹೊಳೆಯುವುದು ಅವರಿಗೆ ಕೊನೆಯಲ್ಲಿ ಹೊಳೆಯುತ್ತದೆ.

ಅವಳ ಕಸುಬೇ ಹೆಸರಿಡುವುದು. ಗೋಡೆಯ ಬಣ್ಣಗಳಿಗೆ, ಸೋಪುಗಳಿಗೆ, ಒಮ್ಮೆ ದಿಂಬುಗಳಿಗೂ ಹೆಸರಿಟ್ಟಿದ್ದಳು. ಯಾರೂ ಮೂಸದೆ ಬಿದ್ದಿದ್ದ ಬೂದು ಬಣ್ಣವೊಂದು ಅವಳ ಬಾಯಲ್ಲಿ 'ಮೋಡದ ಮಗಳು' ಆದದ್ದೇ ತಡ, ಮನೆಮನೆಯ ಗೋಡೆ ಹತ್ತಿತ್ತು. ಒಡವೆ ಅಂಗಡಿಯ ಯಜಮಾನಿ ಅವಳನ್ನು ಕರೆಸಿದ್ದೂ ಇದಕ್ಕೇ. ಕೈಯಲ್ಲೇ ಮಾಡಿದ ಒಡವೆಗಳನ್ನು ಈಗ ಜನ ಫೋನಿನಲ್ಲಿ ನೋಡಿ ಕೊಳ್ಳುತ್ತಿದ್ದರು. ಅವರಿಗೆ 'ಕೆಂಪು ಕಲ್ಲಿನದು', 'ಎಡಗಡೆ ತಟ್ಟೆಯದು' ಎಂದರೆ ಸಾಲುತ್ತಿರಲಿಲ್ಲ.

"ಹೆಸರಿಲ್ಲದ್ದು ಈಗ ಯಾರಿಗೂ ಬೇಡಮ್ಮ," ಎಂದಿದ್ದಳು ಯಜಮಾನಿ. "ನಮ್ಮತ್ತೆ ಏನಾದ್ರೂ ಅಂದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಟ್ಬಿಡು."

ಆ ಅತ್ತೆ ಎಂದರೆ ಯಜಮಾನಿಯ ಸೋದರತ್ತೆ. ಅಂಗಡಿಯವರೆಲ್ಲ ಅವಳನ್ನು ಕೊಂಡಿ ಅತ್ತೆ ಎನ್ನುತ್ತಿದ್ದರು. ಚೇಳಿಗೆ ಕೊಂಡಿ ಬಾಲದಲ್ಲಿ, ಅತ್ತೆಗೆ ನಾಲಿಗೆಯಲ್ಲಿ ಎಂದು ಅವಳ ಬೆನ್ನ ಹಿಂದೆ ತಮಾಷೆ ನಡೆಯುತ್ತಿದ್ದರೂ ಹೆಸರು ಬಂದದ್ದು ಬೇರೆ ಕಾರಣಕ್ಕೆ. ಆ ಮನೆಯಲ್ಲಿ ಯಾವ ಒಡವೆಯನ್ನೂ ಪೂರ್ತಿ ಮುಗಿಸುತ್ತಿರಲಿಲ್ಲ. ಕೊನೆಯ ಕೊಂಡಿಯೊಂದನ್ನು ಬಾಯಿ ತೆರೆದಂತೆ ಬಿಟ್ಟಿರುತ್ತಿದ್ದರು. ಕೊಳ್ಳುವವಳು ಬಂದು, ಒಡವೆಯನ್ನು ತನ್ನ ಮೈಮೇಲೆ ಧರಿಸಿ, ತನ್ನ ಹೆಸರನ್ನು ತಾನೇ ಹೇಳಬೇಕು. ಆಗ ಕೊಂಡಿ ಅತ್ತೆ ಇಕ್ಕಳದಿಂದ ಆ ಕೊಂಡಿಯನ್ನು ಅದುಮಿ ಮುಚ್ಚುತ್ತಿದ್ದಳು. ಕೊಂಡವರು ಇದನ್ನೊಂದು ಮುದ್ದಾದ ಪದ್ಧತಿ ಎಂದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮುಂದಿನ ಕೋಣೆಯಲ್ಲಿ ಗಾಜು, ಬಿಳಿ ದೀಪ, ವೆಲ್ವೆಟ್ಟಿನ ಕೊರಳುಗಳು. ಹಿಂದಕ್ಕೆ ಕೆಲವು ಮೆಟ್ಟಿಲಿಳಿದರೆ ಕುಲುಮೆಯ ಕೋಣೆ. ಅಲ್ಲಿ ಕಿಟಕಿಯಿರಲಿಲ್ಲ. ಕಾದ ಲೋಹದ ಬಣ್ಣ ಕತ್ತಲಲ್ಲೇ ಸರಿಯಾಗಿ ತಿಳಿಯುವುದರಿಂದ ಹಗಲಲ್ಲೂ ಅಲ್ಲಿ ದೀಪ ಹಾಕುತ್ತಿರಲಿಲ್ಲ. ಬೆಂದ ಅರಗಿನ ವಾಸನೆ, ಮೂಗು ಸುಡುವ ಆಸಿಡ್, ಇದ್ದಿಲ ಹೊಗೆ; ಪುಟ್ಟ ಸುತ್ತಿಗೆಯ ಟಕಟಕ. ಸುತ್ತಿಗೆ ನಿಂತ ಮೇಲೂ ಒಂದೆರಡು ಟಕಟಕ ಹೆಚ್ಚಿಗೆ ಕೇಳಿದ ಹಾಗಾಗುತ್ತಿತ್ತು. ಗೋಡೆಯ ಪ್ರತಿಧ್ವನಿ ಎಂದುಕೊಂಡಳು ಹೊಸಬಳು.

ಬಾಯಿ ಬಿಟ್ಟು ಹೇಳಿ ನೋಡದೆ ಅವಳಿಗೆ ಯಾವ ಹೆಸರಿನ ರುಚಿಯೂ ತಿಳಿಯುತ್ತಿರಲಿಲ್ಲ. ಮೊದಲು ಅವಳ ಕೈಗೆ ಬಂದದ್ದು ಹಾಲು ಬಣ್ಣದ ಮಣಿಗಳ ಬ್ರೇಸ್‌ಲೆಟ್. ಅದನ್ನು ಬೆರಳಲ್ಲಿ ಆಡಿಸುತ್ತ ಕೂತಾಗ ತನ್ನ ಮನೆಯ ಭಾನುವಾರದ ಮಧ್ಯಾಹ್ನ ನೆನಪಾಯಿತು. ಗಂಡನಿಗೆ ಹಡಗಿನ ಕೆಲಸ, ಅವನು ಮನೆಯಲ್ಲಿರುವುದೇ ಅಪರೂಪ. ಮನೆಯಲ್ಲಿ ಇವಳು, ಇವಳ ಅಕ್ಕ, ಒಂದನೇ ಕ್ಲಾಸಿನ ಮಗಳು ಗುಬ್ಬಿ. ಊಟವಾದ ಮೇಲೆ ಗುಬ್ಬಿ ಹೊಟ್ಟೆಯ ಮೇಲೆ ಬಂದು ಬೀಳುವಳು. ಇವಳು ಅಪಸ್ವರದಲ್ಲಿ ಜೋಗುಳ ಶುರುಮಾಡಿ, ನಡುವಿನ ಸಾಲು ಮರೆತು, ಅಲ್ಲಿಗೆ 'ಲಲಲ' ತುಂಬಿಸುವಳು. ಮಗು ಕಿಸಕ್ಕೆಂದು ನಗುವಷ್ಟರಲ್ಲಿ ಇಬ್ಬರಿಗೂ ನಿದ್ದೆ.

"ಭಾನುವಾರದ ನಿದ್ದೆ," ಎಂದಳು ಬ್ರೇಸ್‌ಲೆಟ್ಟಿಗೆ. ಒಪ್ಪಿತು. ಫೋಟೋಕ್ಕೆ ನಿಲ್ಲಿಸಿದರೆ ತೆರೆದ ಕೊಂಡಿಯಿಂದ ಜಾರಿ ಜಾರಿ ಬೀಳುತ್ತಿತ್ತು. ಇಕ್ಕಳ ತೆಗೆದುಕೊಂಡು ತಾನೇ ಅದುಮಿದಳು. ಟಿಕ್. ಅಂಗೈಯಲ್ಲಿ ಮಣಿಗಳು ಒಂದು ಸಲ ಮಗ್ಗುಲು ಬದಲಿಸಿದಂತಾಯಿತು.

ಅಂದಿನಿಂದ ಅವಳಿಗೆ ನಿದ್ದೆ ಇಲ್ಲ.

ಭಾನುವಾರದ್ದಷ್ಟೇ ಅಲ್ಲ, ಯಾವ ವಾರದ್ದೂ ಇಲ್ಲ. ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೆ ಬೆಳಕು. ಎದ್ದು ಕಪಾಟಿನ ಬಟ್ಟೆಯನ್ನು ಮಡಚಿದಳು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಹಗಲಲ್ಲಿ ಕಾಲು ಒಂದೆಡೆ ನಿಲ್ಲದೆ ಅಂಗಡಿಯ ಉದ್ದಕ್ಕೂ ಓಡಾಡುತ್ತಿದ್ದಳು. ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಗೆ ನಿದ್ದೆ ಬಂತೋ ಏನೋ, ಇವಳಿಗೆ ಬರಲಿಲ್ಲ. ಅದೇ ವಾರ ಬ್ರೇಸ್‌ಲೆಟ್ ಕೊಂಡ ಹೆಂಗಸು ಬರೆದು ಕಳಿಸಿದ್ದನ್ನು ಯಜಮಾನಿ ಎಲ್ಲರಿಗೂ ಓದಿ ಹೇಳಿದಳು: "ಎಷ್ಟೋ ವರ್ಷದಿಂದ ನಿದ್ದೆ ಕಾಣದವಳು ನಾನು. ಇದನ್ನು ಹಾಕಿಕೊಂಡಾಗಿನಿಂದ ಮಗುವಿನ ಹಾಗೆ ಮಲಗುತ್ತಿದ್ದೇನೆ." ಯಜಮಾನಿಯ ಮುಖ ಊರಗಲವಾಗಿತ್ತು.

ಎರಡನೆಯದು ಒಂದು ಜೊತೆ ಜುಮುಕಿ. ಅಲುಗಿಸಿದರೆ ಗಲಗಲ ಎನ್ನುತ್ತಿದ್ದವು. ಅವಳ ಅಕ್ಕನ ನಗುವೂ ಹಾಗೆಯೇ, ಬೀದಿಯ ತುದಿಯ ಟೈಲರಿಗೂ ಕೇಳುವಂಥದ್ದು. 'ಅಕ್ಕನ ನಗು' ಎಂದಳು. ಟಿಕ್, ಟಿಕ್. ಸಂಜೆ ಮನೆಗೆ ಹೋದರೆ ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ಗುಬ್ಬಿ ತಲೆಗೆ ಪಾತ್ರೆ ಹಾಕಿಕೊಂಡು ಕುಣಿಯುತ್ತಿದ್ದಳು. ಅಕ್ಕ ಅವಳನ್ನು ದಿಟ್ಟಿಸಿ, "ಇದು ನಗಬೇಕಾದ ವಿಷಯ ಅಲ್ವಾ?" ಎಂದು ನಿಧಾನವಾಗಿ ಕೇಳಿದಳು. ಕೇಳಿದವಳ ಮುಖ ಒರೆಸಿಟ್ಟ ಹಲಗೆಯಂತಿತ್ತು. ಜುಮುಕಿ ಕೊಂಡವರು ಬರೆದರು, ಕಾರಣವಿಲ್ಲದೆ ನಗು ಉಕ್ಕುತ್ತದೆ ಎಂದು.

ಹೊಸಬಳಿಗೆ ಒಳಗೊಳಗೇ ಅಳುಕು ಹುಟ್ಟಿತ್ತು. ಹುಟ್ಟಿದ ಅಳುಕನ್ನು ಒಪ್ಪಿಕೊಳ್ಳುವ ಬದಲು ಅದರ ಮೇಲೆ ಸಿಟ್ಟು ಮಾಡಿಕೊಂಡಳು. ನಿದ್ದೆಗೆಟ್ಟವರ ಸಿಟ್ಟು ಕೆಟ್ಟದ್ದು. ಮೆಟ್ಟಿಲಿಳಿದು ಕುಲುಮೆಯ ಕತ್ತಲೆಗೆ ಹೋದಳು.

"ಅತ್ತೆ, ನೀವು ಹೇಳಿದ ಆ ಕಿವಿ ಕತೆ ಪೂರ್ತಿ ಹೇಳಿಬಿಡಿ. ಅರ್ಧ ಕೇಳಿದ್ದಕ್ಕೇ ನನಗೆ ನಿದ್ದೆ ಬರ್ತಿಲ್ಲ."

ಇದ್ದಿಲ ಕೆಂಪಿನಲ್ಲಿ ಮುದುಕಿಯ ಅರ್ಧ ಮುಖ ಕಂಡಿತು. "ಕೊಂಡಿ ಮುಚ್ಚಿದ್ದೀಯ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಈ ಕುಲುಮೆ ಹೂಡಿದವನಿಗೆ ಒಬ್ಬಳೇ ಮಗಳು. ಅವಳು ಸತ್ತಾಗ ಅವನು ಮಾಟಗಾರನೊಬ್ಬನನ್ನು ಕರೆಸಿದ. ಮಗಳ ಹೆಸರನ್ನು ಬೆಂಕಿಯಲ್ಲಿ ಕೂಗಿ, ಒಂದು ಸರದೊಳಗೆ ಅವಳನ್ನು ಹಿಡಿದಿಡಬೇಕೆಂದು ಅವನ ಹಟ. ಮಗಳು ಬರಲಿಲ್ಲ. ಅವಳು ಬರಲೆಂದು ಕುಲುಮೆಯಲ್ಲಿ ತೆರೆದ ಬಾಯಿ ಮಾತ್ರ ಉಳಿಯಿತು.

"ಕುಲುಮೆ ಒಡೆಸಿದ್ವಿ. ಇಟ್ಟಿಗೆ ಬದಲಾಯ್ತು, ಹಸಿವು ಬದಲಾಗ್ಲಿಲ್ಲ. ಇಲ್ಲಿ ಹುಟ್ಟಿದ ಒಡವೆ ಯಾವ ಹೆಸರು ಕೇಳುತ್ತೋ ಅದನ್ನ ಒಳಗೆ ಎಳ್ಕೊಳುತ್ತೆ. ಹಾಕ್ಕೊಂಡಿರೋಳೇ ತನ್ನ ಹೆಸರು ಹೇಳಿದ್ರೆ ಭಯ ಇಲ್ಲ. ಎಳ್ಕೊಂಡ್ರೂ ಅವಳ ಮೈಮೇಲೇ ಇರುತ್ತಲ್ಲ, ಅವಳದು ಅವಳ ಹತ್ರವೇ ಉಳಿಯುತ್ತೆ."

ಹೊಸಬಳು ತಲೆ ಕೊಡವಿ ಮೇಲೆದ್ದಳು. ತಟ್ಟೆಯಲ್ಲಿ ಪುಟ್ಟದೊಂದು ಬೆಳ್ಳಿ ಸರವಿತ್ತು. ಮಕ್ಕಳ ಅಳತೆಯದು, ಕಂದು ಕಲ್ಲುಗಳದು. ಅದನ್ನೆತ್ತಿ ಮುದುಕಿಯ ಮುಖದ ಮುಂದೆ ಹಿಡಿದಳು.

"ಇದೆಲ್ಲ ಸುಳ್ಳು ಅಂತ ಈಗಲೇ ತೋರಿಸ್ತೀನಿ. ನನ್ನ ಮಗಳ ಹೆಸರೇ ಇಡ್ತೀನಿ, ನೋಡಿ."

"ಬೇಡ ಮಗಳೇ! ಉಸಿರಾಡೋರ ಹೆಸರು ಬೇಡ!"

"ಗುಬ್ಬಿ."

ಟಿಕ್.

ಏನೂ ಆಗಲಿಲ್ಲ. ಕುಲುಮೆ ಉಗುಳಲಿಲ್ಲ, ಗೋಡೆ ಬಿರಿಯಲಿಲ್ಲ. "ನೋಡಿದ್ರಾ?" ಎಂದು ಅವಳು ಸರದೊಂದಿಗೆ ಗೆದ್ದವಳಂತೆ ಮೆಟ್ಟಿಲು ಹತ್ತಿದಳು. ಕೊಂಡಿ ಅತ್ತೆ ಕಿವಿ ಮುಚ್ಚಿಕೊಂಡು ಕೂತೇ ಇದ್ದಳು.

ಮರುದಿನ ಬೆಳಿಗ್ಗೆ ಅಕ್ಕ ತಿಂಡಿಗೆ ಎರಡು ತಟ್ಟೆ ಇಟ್ಟಳು.

"ಇನ್ನೊಂದು ತಟ್ಟೆ?"

"ಯಾರಿಗೆ?"

"ಗುಬ್ಬಿಗೆ ಕಣೇ!"

ಅಕ್ಕ ಆ ಮಾತನ್ನು ಬೇರೆ ಭಾಷೆಯದೆಂಬಂತೆ ಕೇಳಿಸಿಕೊಂಡಳು. ಗುಬ್ಬಿ ಅಲ್ಲೇ ಇದ್ದಳು. ಕಿಟಕಿಯ ಕೆಳಗೆ, ಯೂನಿಫಾರ್ಮಿನಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಒಂದು ಗಳಿಗೆ ಒಂದೆಡೆ ಕೂರದ ಮಗು ಅಲುಗದೆ ಕೂತಿತ್ತು.

"ಗುಬ್ಬಿ."

ತಿರುಗಲಿಲ್ಲ.

"ಗುಬ್ಬೀ!"

ಮಗು ಗೋಡೆ ನೋಡುತ್ತಲೇ ಇತ್ತು. ಹತ್ತಿರ ಹೋಗಿ ಕೆನ್ನೆ ಮುಟ್ಟಿದಳು. ತಣ್ಣಗಿತ್ತು. ಶಾಲೆಯ ಹೆಸರಿನಿಂದ ಕರೆದಳು, ಚಿನ್ನ ಎಂದಳು, ಪುಟ್ಟ ಎಂದಳು. ಕಣ್ಣುಗಳು ಹೊಳಪು ಕೊಟ್ಟ ಕಂದು ಕಲ್ಲಿನಂತೆ ಅವಳನ್ನು ದಾಟಿ ಹೋದವು. ಹೊರಗೆ ಶಾಲೆಯ ವ್ಯಾನ್ ಬಂತು. ಡ್ರೈವರ್ ಬಾಗಿಲತ್ತ ನೋಡಿದ, ಮಗುವನ್ನೂ ನೋಡಿದ, ಯಾರೂ ಇಲ್ಲವೆಂಬಂತೆ ಹೊರಟುಹೋದ.

ನಿದ್ದೆ ಹೋದದ್ದು, ನಗು ಹೋದದ್ದು, ಅವು ಯಾರ್‍ಯಾರದೋ ಮೈ ಸೇರಿದ್ದು, ಎಲ್ಲ ಒಮ್ಮೆಲೇ ಸಾಲಾಗಿ ನಿಂತವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗುವನ್ನು ಬಾಚಿ ಎತ್ತಿಕೊಂಡು ಬರಿಗಾಲಲ್ಲೇ ಬೀದಿಗೆ ಬಿದ್ದಳು.

ಓಡಿದಳು. ಅಂಗಡಿ ಸಾಲು, ಹಾರ್ನು, ಬಿಸಿಲು. ತೋಳಿನ ಭಾರ ಹೆಜ್ಜೆಹೆಜ್ಜೆಗೂ ಕಡಿಮೆಯಾಗುತ್ತಿತ್ತು. ಟೈಲರಂಗಡಿ ದಾಟಿದ ಮೇಲೆ ಅವಳ ಕಾಲು ತಾನಾಗಿ ನಿಂತಿತು. ಏನನ್ನೋ ಎತ್ತಿಕೊಂಡಿದ್ದೇನಲ್ಲ, ಏನದು? ತೋಳು ನೋಡಿಕೊಂಡಳು. ಒಂದು ಯೂನಿಫಾರ್ಮು. ಎರಡು ಜಡೆ. ಯಾರದು?

"ಗುಬ್ಬಿ, ಗುಬ್ಬಿ, ಗುಬ್ಬಿ," ಎಂದು ಬಾಯಲ್ಲಿ ಜಪಿಸುತ್ತ ಮತ್ತೆ ಓಡಿದಳು. ತಾನೂ ಮರೆಯುತ್ತಿದ್ದೇನೆ ಎಂದು ತಿಳಿದಾಗ ಮಗುವನ್ನು ಎದೆಗೆ ಅವುಚಿಕೊಂಡಳು. ನಾನೂ ಮರೆತರೆ ಇವಳಿಗೆ ಈ ಲೋಕದಲ್ಲಿ ಇನ್ನು ಯಾರಿದ್ದಾರೆ?

ಅಂಗಡಿಯಲ್ಲಿ ಯಜಮಾನಿ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದಳು. ಕೊರಿಯರಿನವನು ಬಾಗಿಲಲ್ಲಿ ಕಾಯುತ್ತಿದ್ದ.

"ನಿನ್ನ ಗುಬ್ಬಿ ಫೋನಿಗೆ ಹಾಕಿದ ಕೂಡ್ಲೇ ಹಾರಿಹೋಯ್ತು ನೋಡು! ಎಷ್ಟು ಚೂಟಿಯಾಗಿದೆ ಅಂತೀಯ ಆ ಸರ, ಪೆಟ್ಟಿಗೇಲಿ ಇಟ್ರೂ ಸುಮ್ನಿರಲ್ಲ..."

ಪೆಟ್ಟಿಗೆಯೊಳಗಿಂದ ಸಣ್ಣಗೆ ಕೇಳಿಸಿತು. ಕಿಸಕ್.

ಅವಳು ಪೆಟ್ಟಿಗೆ ಕಿತ್ತುಕೊಂಡಳು. "ಏಯ್, ಮಾರಿಯಾಗಿದೆ ಅದು!" ಎಂದ ಯಜಮಾನಿ ತೋಳಿನಲ್ಲಿದ್ದ ಮಗುವನ್ನು ನೋಡಲೇ ಇಲ್ಲ. ಹೊಸಬಳು ಮೆಟ್ಟಿಲಿಳಿದು ಬಾಗಿಲು ದೂಡಿ ಚಿಲಕ ಹಾಕಿದಳು. ಹೊರಗೆ ನಡುಹಗಲು, ಒಳಗೆ ಗವ್ವೆನ್ನುವ ಕತ್ತಲು. ಅರಗಿನ ವಾಸನೆ. ಇದ್ದಿಲ ಕಣ್ಣುಗಳು.

"ಅತ್ತೆ, ತಪ್ಪಾಯ್ತು. ಉಳಿಸಿಕೊಡಿ."

ಕೊಂಡಿ ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆ ಹರಿದು ಸರ ತೆಗೆದಳು. ಅದು ಹಕ್ಕಿಮರಿಯಂತೆ ಬೆಚ್ಚಗಿತ್ತು, ಪುಟಪುಟ ಬಡಿಯುತ್ತಿತ್ತು. ಮಗುವನ್ನು ನೆಲದ ಮೇಲೆ ಮಲಗಿಸಿ, ಅದರ ಮೂಗಿನ ಬಳಿ ಹೊಳಪಿನ ತಗಡೊಂದನ್ನು ಹಿಡಿದಳು. ತಗಡಿನ ಮೇಲೆ ಉಸಿರಿನ ಹಬೆ ಒಂದು ಕಾಸಿನಷ್ಟು ಮೂಡಿ ಮಾಯವಾಯಿತು.

"ಇದನ್ನೇ ಅವಳ ಕೊರಳಿಗೆ ಹಾಕಿದ್ರೆ?"

"ಕೊರಳಲ್ಲಿದ್ದಾಗ ಮುಚ್ಚಬೇಕಿತ್ತು. ಈಗ ಹಾಕಿದ್ರೆ ಮಿಕ್ಕಿದ್ದನ್ನೂ ತಿನ್ನುತ್ತೆ. ಅದರ ಬಾಯಿಂದ ಒಂದನ್ನ ಬಿಡಿಸ್ಬೇಕಾದ್ರೆ ಇನ್ನೊಂದನ್ನ ಕೊಡ್ಬೇಕು."

"ನನ್ನ ಹೆಸರು ಕೊಡ್ತೀನಿ. ನಾನೇ ಹಾಕ್ಕೊಂಡು ಹೇಳ್ತೀನಿ, ನನ್ನದು ನನ್ನ ಹತ್ರವೇ ಉಳಿಯುತ್ತೆ. ಅಲ್ವಾ? ನೀವೇ ಹೇಳಿದ್ರಲ್ಲ!"

ಮುದುಕಿ ಇಕ್ಕಳದಿಂದ ಕೊಂಡಿ ಬಿಡಿಸಿ ಸರವನ್ನು ಅವಳ ಕೊರಳಿಗೆ ಸುತ್ತಿದಳು. ಸುತ್ತಿ, ಎಳೆದು, ಮತ್ತೆ ಎಳೆದಳು. ಮಕ್ಕಳ ಅಳತೆಯ ಸರ. ಎರಡು ತುದಿಗಳ ನಡುವೆ ಒಂದು ಬೆರಳಿನಷ್ಟು ಕೊರಳು ಉಳಿಯುತ್ತಿತ್ತು.

"ಕೈಗೆ ಸುತ್ತಿ!"

"ಕೊರಳಿಗೆ ಹುಟ್ಟಿದ್ದು ಕೈಯನ್ನ ಕೇಳಲ್ಲ."

"ದಾರ ಕಟ್ಟಿ ಸೇರಿಸಿ!"

"ದಾರಕ್ಕೆ ಕಿವಿ ಇಲ್ಲಮ್ಮ. ಹೊಸ ಕೊಂಡಿ ಬೆಸೆಯೋಕೆ ಹೊತ್ತು ಬೇಕು." ಮುದುಕಿ ತಗಡು ಹಿಡಿದಳು. ಹಬೆ ಈಗ ಸಾಸಿವೆಯಷ್ಟು. "ಅಷ್ಟು ಹೊತ್ತು ಇಲ್ಲ."

ಅತ್ತೆಯ ಅಂಗೈಯಲ್ಲಿದ್ದ ಸರವನ್ನು ಹಿಡಿದು ಹೊಸಬಳು ತನ್ನ ಹೆಸರು ಹೇಳಿದಳು. ಇಕ್ಕಳ ಅದುಮಿತು. ಕೊಂಡಿ ಪಟ್ಟೆಂದು ಬಿಚ್ಚಿಕೊಂಡಿತು. ಮತ್ತೆ ಹೇಳಿದಳು. ಮತ್ತೆ ಬಿಚ್ಚಿಕೊಂಡಿತು, ಸಪ್ಪೆ ತುತ್ತು ಉಗಿದಂತೆ. ಮನೆಯವರು ಕರೆಯುವ ಹೆಸರು ಹೇಳಿದಳು. ಗಂಡ ಕರೆಯುವುದನ್ನು ಹೇಳಿದಳು. ಉಗಿಯಿತು. ಉಗಿಯಿತು.

ಮೂಲೆಯಲ್ಲಿ ಟಕಟಕ ಶುರುವಾಯಿತು. ಸುತ್ತಿಗೆ ಹಿಡಿದವರು ಯಾರೂ ಇರಲಿಲ್ಲ. ಇದ್ದಿಲು ಊದದೆಯೇ ಕೆಂಪಾಯಿತು. ಕತ್ತಲು ಬಾಯಿ ಚಪ್ಪರಿಸಿತು.

"ಹೇಳಮ್ಮ," ಎಂದಳು ಮುದುಕಿ, ಮೊದಲ ಸಲ ಅಳುತ್ತ. "ಯಾರು ಏನಂತ ಕರೆದ್ರೆ ನೀನು ಉರಿಯೋ ಒಲೆ ಬಿಟ್ಟು ಓಡಿಹೋಗ್ತೀಯ? ನಿನಗೆ ಗೊತ್ತು. ಅದಕ್ಕೂ ಗೊತ್ತು."

ಗೊತ್ತಿತ್ತು. ಸರದ ಬಳಿ ಬಾಯಿ ಒಯ್ದಾಗಲೇ ಗೊತ್ತಿತ್ತು. ಬೇರೆ ಏನಾದರೂ ಸಿಕ್ಕೀತೆಂದು ಹುಡುಕಿದ್ದಳು ಅಷ್ಟೆ. ಸಾವಿರ ಹೆಸರು ಹುಟ್ಟಿಸಿದ ನಾಲಿಗೆಗೆ ಈ ಹೊತ್ತಿನಲ್ಲಿ ಒಂದೂ ಹುಟ್ಟಲಿಲ್ಲ.

ತಗಡು ನೋಡಿದಳು. ಹಬೆ ಇರಲಿಲ್ಲ.

"ಅಮ್ಮ," ಎಂದಳು.

ಟಿಕ್.

ಟಕಟಕ ನಿಂತಿತು. ಇದ್ದಿಲು ಮಂಕಾಯಿತು. ಅವಳೊಳಗಿನಿಂದ ಏನೋ ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲು ದಾಟಿ ಹೋದಂತಾಯಿತು. ನೋವೇನೂ ಆಗಲಿಲ್ಲ. ನೆಲದ ಮೇಲೆ ಯಾರೋ ಕೆಮ್ಮಿದರು.

"ಗುಬ್ಬಿ?"

ಮಗು ತಟ್ಟನೆ ತಿರುಗಿತು. ಕೆನ್ನೆಯಲ್ಲಿ ಕೆಂಪು, ಕಣ್ಣಲ್ಲಿ ಚೇಷ್ಟೆ. ಎದ್ದು ಒಂದು ಕಾಲಲ್ಲಿ ಕುಪ್ಪಳಿಸಿತು. ಅವಳು ಮಂಡಿಯೂರಿ ಕೈ ಚಾಚಿ ಅತ್ತಳು. ಗುಬ್ಬಿ ಆ ಕೈಗಳನ್ನು ದಾಟಿ ಓಡಿ, ಕೊಂಡಿ ಅತ್ತೆಯ ಅಂಗೈಯಲ್ಲಿದ್ದ ಸರವನ್ನು ಬಾಚಿ ಎದೆಗೊತ್ತಿಕೊಂಡಿತು.

"ಅಮ್ಮಾ! ಎಲ್ಲಿ ಹೋಗಿದ್ದೆ ನೀನು?"

ಆಮೇಲೆ ಮಂಡಿಯೂರಿ ಅಳುತ್ತಿದ್ದವಳನ್ನು ಮರುಕದಿಂದ ನೋಡಿ, "ಯಾಕೆ ಆಂಟಿ ಅಳ್ತಿದ್ದೀರ? ಬಿದ್ರಾ?" ಎಂದು ಕೇಳಿತು.

ಯಜಮಾನಿಯ ಮುಂದೆ ಕೊಂಡಿ ಅತ್ತೆ ತನ್ನ ಕೈಬಳೆ ಬಿಚ್ಚಿಟ್ಟಳು, ಆ ಸರಕ್ಕೆ ಬದಲಾಗಿ. ಹೊಸಬಳು ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ.

ಸಂಜೆ ಅಕ್ಕ ಮೂರು ತಟ್ಟೆ ಇಟ್ಟಳು. ಅಕ್ಕನಿಗೆ ತಂಗಿ ತಂಗಿಯಾಗಿಯೇ ಉಳಿದಿದ್ದಳು. ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇವಳೇ ಕಣೇ ನಿನ್ನಮ್ಮ," ಎಂದು ಎಷ್ಟು ಸಲ ಹೇಳಿದರೂ ಗುಬ್ಬಿ, ದೊಡ್ಡಮ್ಮ ತಮಾಷೆ ಮಾಡುತ್ತಾಳೆಂದು ನಕ್ಕಿತು. ದೊಡ್ಡಮ್ಮ ನಗಲಿಲ್ಲ. ಆಂಟಿ ಕಲಸಿ ಕೊಟ್ಟ ತುತ್ತನ್ನು ತಿಂದಿತು, ಆಂಟಿ ಬಾಚಿದ ಜಡೆಗೆ ಥ್ಯಾಂಕ್ಸ್ ಹೇಳಿತು. ಅತಿಥಿಗಳ ಮುಂದೆ ನಡೆದುಕೊಳ್ಳಬೇಕೆಂದು ಅವಳೇ ಮಗುವಿಗೆ ಕಲಿಸಿದ್ದ ಮರ್ಯಾದೆಯೆಲ್ಲ ಈಗ ಅವಳಿಗೇ ಸಿಗುತ್ತಿತ್ತು.

ದೀಪ ಆರಿಸುವ ಹೊತ್ತಿಗೆ ಗುಬ್ಬಿ ಸರ ಹಾಕಿಕೊಂಡು ಹಾಸಿಗೆ ಸೇರಿತು. ತುತ್ತು ಸಿಕ್ಕ ಸರ ಇನ್ನು ಮಗುವನ್ನು ತಿನ್ನದು ಎಂದಿದ್ದಳು ಕೊಂಡಿ ಅತ್ತೆ. ನಿದ್ದೆ ಇಲ್ಲದವಳು ಪಕ್ಕದಲ್ಲಿ ಕೂತಳು. ಜೋಗುಳ ಹಾಡೋಣವೆಂದು ಬಾಯಿ ತೆರೆದಳು. ಮೊದಲ ಸಾಲು ಬರಲಿಲ್ಲ. ಕೊನೆಯದೂ ಬರಲಿಲ್ಲ. ಹಾಡೊಂದು ಇತ್ತು ಎನ್ನುವುದಷ್ಟೇ ನೆನಪಿತ್ತು.

ಆಗ ಕೇಳಿಸಿತು. ತೀರ ಸಣ್ಣಗೆ, ಮಗುವಿನ ಕೊರಳ ಬಳಿಯಿಂದ. ಅವಳು ಬಾಗಿ ಕಿವಿಯೊಡ್ಡಿದಳು. ಅಪಸ್ವರದ ಹಾಡು. ನಡುವಿನ ಸಾಲು ಬಂದಾಗ ಹಾಡುವವಳು ಮರೆತು, 'ಲಲಲ' ಎಂದು ತುಂಬಿಸಿದಳು. ಗುಬ್ಬಿ ಕಿಸಕ್ಕೆಂದು ನಕ್ಕಿತು.

"ಗುಬ್ಬಿ," ಎಂದು ಅವಳು ತಡೆಯಲಾರದೆ ಕರೆದಳು. "ನನ್ನ ಕಡೆ ನೋಡೇ, ಕಂದ."

ಕರೆದ ಕೂಡಲೇ ಮಗು ತಿರುಗಿತು. ತುಟಿಯ ಮೇಲೆ ಬೆರಳಿಟ್ಟಿತು.

"ಶ್... ಸದ್ದು ಮಾಡಬೇಡಿ ಆಂಟಿ. ಅಮ್ಮ ಹಾಡ್ತಿದ್ದಾಳೆ."